ಅದುರುವ ಪರದೆ, ನಿಂತ ತೂಕ

ಶಿರಾ ಕಡೆ ಕಡ್ಲೇಕಾಯಿ ಕೀಳುವ ಕಾಲ ಬಂತೆಂದರೆ ವೇಬ್ರಿಡ್ಜ್‌ಗಳ ಮುಂದೆ ಟ್ರ್ಯಾಕ್ಟರು, ಲಾರಿ, ಗೂಡ್ಸ್ ಆಟೊಗಳ ಸಾಲು ನಿಲ್ಲುತ್ತದೆ. ಅಂಥ ಒಂದು ಸಾಲಿನಿಂದ ಟ್ರ್ಯಾಕ್ಟರೊಂದು ಪ್ಲಾಟ್‌ಫಾರ್ಮ್ ಹತ್ತಿತು. ಡ್ರೈವರ್ ಎಂಜಿನ್ ಆಫ್ ಮಾಡಿ ಕೆಳಗಿಳಿದ. ಕ್ಯಾಬಿನ್ ಒಳಗೆ ಗೋಡೆಗೆ ಹಾಕಿದ ಇಂಡಿಕೇಟರ್‌ನಲ್ಲಿ ಕೆಂಪು ಅಂಕಿಗಳ 6,340 ಒಂದಿಷ್ಟೂ ಅಲುಗದೆ ನಿಂತಿತ್ತು. ಪಕ್ಕದ ಕಂಪ್ಯೂಟರ್ ಪರದೆಯಲ್ಲೂ ಅದೇ 6,340, ಅಂಗೈಯಗಲದ ಹಸಿರು ಅಂಕಿಗಳಲ್ಲಿ. ಆದರೆ ಅಲ್ಲಿ ಅಂಕಿಗಳು ಪಟಪಟ ಅದುರುತ್ತಿದ್ದವು. ಕಿಟಕಿಯಾಚೆ ನಿಂತಿದ್ದ ಮಾಲಿನ ಯಜಮಾನರಿಗೆ ಕಾಣುತ್ತಿದ್ದದ್ದು ಕಂಪ್ಯೂಟರ್ ಮಾತ್ರ.

"ತೂಕ ಇನ್ನೂ ಅಲ್ಲಾಡ್ತೈತೆ ಕಣಪ್ಪ, ಆಗ್ಲೇ ಚೀಟಿ ಹೊಡೀಬ್ಯಾಡ" ಎಂದರು ಅವರು.

"ನಿಂತೈತೆ ಯಜಮಾನ್ರೇ, ಈ ಕಂಪ್ಯೂಟರ್ರೇ ಹಂಗೆ" ಎಂದ ಆಪರೇಟರ್ ಹುಡುಗ.

ಅವರು ನಂಬಲಿಲ್ಲ. ನಂಬದೆ ಇದ್ದದ್ದೇ ಸರಿ ಎಂದು ನನಗೆ ಆಗಲೂ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ವರ್ಷದ ಬೆಳೆಯನ್ನು ತೂಕಕ್ಕೆ ಹಾಕಿ ನಿಂತವರಿಗೆ ಪರದೆ ಅದುರುವುದಕ್ಕೂ ತೂಕ ಅಲ್ಲಾಡುವುದಕ್ಕೂ ವ್ಯತ್ಯಾಸ ಹೇಗೆ ಗೊತ್ತಾಗಬೇಕು?

ಮಧುಗಿರಿಯಲ್ಲಿ ಕೂತು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ವೇಬ್ರಿಡ್ಜು, ಎಣ್ಣೆ ಮಿಲ್ಲು, ಅಂಗಡಿಗಳಿಗೆ ಸಾಫ್ಟ್‌ವೇರ್ ಬರೆದುಕೊಡುವುದು, ಬೇರೆಯವರು ಬರೆದದ್ದು ಕೆಟ್ಟಾಗ ಸರಿಮಾಡುವುದು ನನ್ನ ಕಸುಬು. ಈ ನಾಲ್ಕು ತಾಲ್ಲೂಕಿನಲ್ಲಿ ನನ್ನನ್ನು ಅತಿ ಹೆಚ್ಚು ಸಲ ಕರೆಸಿರುವ ದೂರು ಇದೇ: ಲೆಕ್ಕವೆಲ್ಲ ಸರಿಯಿದೆ, ಸ್ಕ್ರೀನ್ ಮಾತ್ರ ಅದುರುತ್ತದೆ. ನಮ್ಮ ಕಸುಬಿನಲ್ಲಿ ಇದಕ್ಕೆ ಫ್ಲಿಕರ್ ಎನ್ನುತ್ತಾರೆ. ಹಲವರು ಇದನ್ನು ಅಂದಚಂದದ ವಿಷಯ, ಪುರಸೊತ್ತಾದಾಗ ನೋಡಿದರಾಯಿತು ಎಂದು ಬಿಡುತ್ತಾರೆ. ನಾನು ಒಪ್ಪುವುದಿಲ್ಲ. ವೇಬ್ರಿಡ್ಜ್ ಪರದೆಯ ಮೇಲೆ ಚಲನೆ ಅಂತ ಏನಾದರೂ ಕಂಡರೆ ಅದು ತೂಕದ ಚಲನೆಯೇ ಆಗಿರಬೇಕು. ಬೇರೆ ಯಾವ ಅಲುಗಾಟವೂ ನೋಡುವವರಿಗೆ ಸುಳ್ಳು ಹೇಳಿದ ಹಾಗೆ.

ಮೊದಲು ತೂಕ ಪರದೆಗೆ ಬರುವ ದಾರಿ ನೋಡೋಣ. ಪ್ಲಾಟ್‌ಫಾರ್ಮಿನ ಕೆಳಗೆ ಉಕ್ಕಿನ ಲೋಡ್ ಸೆಲ್‌ಗಳಿರುತ್ತವೆ. ಭಾರ ಬಿದ್ದಾಗ ಅವು ಕೂದಲೆಳೆಯಷ್ಟು ಬಗ್ಗುತ್ತವೆ, ಅದಕ್ಕೆ ತಕ್ಕಂತೆ ಕೆಲವೇ ಮಿಲಿವೋಲ್ಟ್‌ನಷ್ಟು ವಿದ್ಯುತ್ ಬದಲಾಗುತ್ತದೆ. ಇಂಡಿಕೇಟರ್ ಅದನ್ನು ಕಿಲೋ ಲೆಕ್ಕಕ್ಕೆ ತಿರುಗಿಸಿ, ಸೀರಿಯಲ್ ಕೇಬಲ್ಲಿನಲ್ಲಿ ಸೆಕೆಂಡಿಗೆ ಹಲವು ಸಲ ಕಂಪ್ಯೂಟರಿಗೆ ಕಳಿಸುತ್ತಿರುತ್ತದೆ. ಕಾನೂನು ಮಾಪನಶಾಸ್ತ್ರ ಇಲಾಖೆಯವರು ವರ್ಷಕ್ಕೊಮ್ಮೆ ಬಂದು ಪರೀಕ್ಷಿಸಿ ಮೊಹರು ಹಾಕುವುದು ತೂಗುವ ಯಂತ್ರಕ್ಕೆ. ಅದರ ಲೆಕ್ಕ ಸರಿಯಿದ್ದೂ ಪರದೆ ಅದುರಬಹುದು, ಆ ಅದುರನ್ನು ಯಾವ ಮೊಹರೂ ಹಿಡಿಯುವುದಿಲ್ಲ.

ಪರದೆಯ ಮೇಲಿನ ಆ ದೊಡ್ಡ ಹಸಿರು ಅಂಕಿಗಳು ವಿಂಡೋಸ್ ಜೊತೆ ಸಿದ್ಧವಾಗಿ ಬರುವುದಿಲ್ಲ. ಬಟನ್ನು, ಪಟ್ಟಿ, ಅಕ್ಷರ ತುಂಬುವ ಚೌಕ ಇವೆಲ್ಲ ಸಿದ್ಧ ಸಾಮಾನು. ಡಿಜಿಟಲ್ ಅಂಕಿ, ಮುಳ್ಳಿನ ಗಡಿಯಾರದಂಥ ಮೀಟರು, ಏರಿಳಿಯುವ ಗ್ರಾಫು ಬೇಕೆಂದರೆ ಬರೆಯುವವನೇ ಗೆರೆ ಗೆರೆ ಎಳೆದು ಬಣ್ಣ ತುಂಬಬೇಕು. ಹೀಗೆ ಕೈಯಾರೆ ಬಿಡಿಸಿದ್ದಕ್ಕೆ ಕಸ್ಟಮ್ ಕಂಟ್ರೋಲ್ ಎಂದು ಹೆಸರು. ಫ್ಲಿಕರ್ ಕಾಟ ಹೆಚ್ಚಾಗಿ ಇವಕ್ಕೇ.

ಶಿರಾದ ಆ ಪರದೆಯಲ್ಲಿ ಆರು ಅಂಕಿಗಳಿಗೆ ಜಾಗವಿತ್ತು. ಒಂದೊಂದು ಅಂಕಿಯೂ ಏಳು ಕಡ್ಡಿಗಳಿಂದ ಆದದ್ದು, ಉರಿಯದ ಕಡ್ಡಿಗಳನ್ನೂ ಮಬ್ಬು ಬಣ್ಣದಲ್ಲಿ ಬಿಡಿಸಬೇಕು. ಅಲ್ಲಿಗೆ 42 ಕಡ್ಡಿ, ಅವುಗಳ ಹಿಂದೆ ಒಂದು ಕಪ್ಪು ಹಲಗೆ. ಹೊಸ ತೂಕ ಬಂದಾಗಲೆಲ್ಲ ಆ ಸಾಫ್ಟ್‌ವೇರ್ ವಿಂಡೋಸ್‌ಗೆ "ಈ ಜಾಗ ಹಳತಾಯಿತು" ಎಂದು ಹೇಳುತ್ತಿತ್ತು. ವಿಂಡೋಸ್ ಏನು ಮಾಡುತ್ತದೆ? ಮೊದಲು ಆ ಜಾಗವನ್ನು ಹಿನ್ನೆಲೆಯ ಬಣ್ಣದಿಂದ ಒರೆಸುತ್ತದೆ. ಇಲ್ಲಿ ಹಿನ್ನೆಲೆ ಬಿಳಿ. ಆಮೇಲೆ "ಈಗ ಬಿಡಿಸು" ಎಂದು ಸಾಫ್ಟ್‌ವೇರಿಗೆ ಸಂದೇಶ ಕಳಿಸುತ್ತದೆ. ಆಗ ಕಪ್ಪು ಹಲಗೆ ಬರುತ್ತದೆ, ಅದರ ಮೇಲೆ ಒಂದೊಂದಾಗಿ 42 ಕಡ್ಡಿ ಬರುತ್ತವೆ. ಒರೆಸಿದ ಗಳಿಗೆಯಿಂದ ಕೊನೆಯ ಕಡ್ಡಿ ಬೀಳುವವರೆಗೆ ಹಳೆಯ ಕಂಪ್ಯೂಟರಿನಲ್ಲಿ ನಾಲ್ಕು ಮಿಲಿಸೆಕೆಂಡ್ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ.

ನಾಲ್ಕು ಮಿಲಿಸೆಕೆಂಡ್ ಕಣ್ಣಿಗೆ ಎಲ್ಲಿ ಕಾಣುತ್ತದೆ ಎನ್ನಬಹುದು. ಮಾನಿಟರು ಸೆಕೆಂಡಿಗೆ 60 ಸಲ, ಅಂದರೆ 16.7 ಮಿಲಿಸೆಕೆಂಡಿಗೊಮ್ಮೆ, ಕಂಪ್ಯೂಟರಿನಿಂದ ಹೊಸ ಚಿತ್ರ ತೆಗೆದುಕೊಳ್ಳುತ್ತದೆ. ಅದು ಚಿತ್ರ ತೆಗೆದುಕೊಳ್ಳುವ ಗಳಿಗೆ ನಮ್ಮ ಆ ನಾಲ್ಕು ಮಿಲಿಸೆಕೆಂಡಿನ ಒಳಗೆ ಬಿದ್ದರೆ ಬಿಳಿ ಚೌಕವೋ ಅರ್ಧ ಬಿಡಿಸಿದ ಅಂಕಿಯೋ ಪರದೆಗೆ ಬಂದು, ಮುಂದಿನ ಚಿತ್ರ ಬರುವ ತನಕ ಅಲ್ಲೇ ಉಳಿಯುತ್ತದೆ. ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಸಲ ಹೀಗಾಗುತ್ತದೆ. ತೂಕ ಸೆಕೆಂಡಿಗೆ ಹತ್ತು ಸಲ ಬರುತ್ತಿದ್ದರೆ, ಸೆಕೆಂಡಿಗೆ ಎರಡು ಮೂರು ಸಲ ಅಂಕಿಗಳ ಜಾಗದಲ್ಲಿ ಬಿಳಿ ಮಿಂಚು. ಹೊತ್ತು ಗೊತ್ತಿಲ್ಲದೆ ಬರುವುದರಿಂದಲೇ ಅದು ನಡುಗಿದ ಹಾಗೆ ಕಾಣುವುದು.

2007ರಲ್ಲಿ ವಿಸ್ತಾ ಬಂದಾಗಿನಿಂದ ವಿಂಡೋಸ್ ಪರದೆಯ ಮೇಲಿನ ಪ್ರತಿ ಕಿಟಕಿಯ (ವಿಂಡೋ) ಚಿತ್ರವನ್ನೂ ಮರೆಯಲ್ಲಿ ಇಟ್ಟುಕೊಂಡು, ಆಮೇಲೆ ಎಲ್ಲವನ್ನೂ ಕೂಡಿಸಿ ಪರದೆಗೆ ಕೊಡುತ್ತದೆ. ಇದರಿಂದ ಫ್ಲಿಕರ್ ಪೂರ್ತಿ ಹೋಯಿತು ಎಂದು ಹಲವರು ನಂಬಿದ್ದಾರೆ. ಕಿಟಕಿಗಳನ್ನು ಆಚೀಚೆ ಎಳೆದಾಡುವಾಗ ಕಾಣುತ್ತಿದ್ದ ಗಲೀಜೇನೋ ಹೋಯಿತು. ಆದರೆ ನಮ್ಮ ಸಾಫ್ಟ್‌ವೇರು ಅರ್ಧ ಬಿಡಿಸಿರುವಾಗಲೇ ವಿಂಡೋಸ್ ಕೂಡಿಸಲು ಬಂದರೆ ಅರ್ಧ ಚಿತ್ರವನ್ನೇ ಎತ್ತಿಕೊಂಡು ಹೋಗುತ್ತದೆ. ಒರೆಸಿ ಬಿಡಿಸುವ ಅಭ್ಯಾಸ ಬಿಡುವ ತನಕ ರೋಗ ಬಿಡುವುದಿಲ್ಲ.

ರೋಗ ಇದೇ ಹೌದೋ ಎಂದು ತಿಳಿಯಲು ನಾನು ಮಾಡುವ ಪರೀಕ್ಷೆ ಎರಡು. ಒಂದು, ಕಿಟಕಿಯ ಹಿನ್ನೆಲೆ ಬಣ್ಣವನ್ನು ತಾತ್ಕಾಲಿಕವಾಗಿ ಕಡುಗುಲಾಬಿ ಮಾಡುವುದು. ಅದುರಿನಲ್ಲಿ ಗುಲಾಬಿ ಮಿಂಚಿದರೆ ಒರೆಸುವ ಹಂತವೇ ಕಳ್ಳ ಎಂದಾಯಿತು. ಗುಲಾಬಿ ಕಾಣದೆ ಅದುರು ಮಾತ್ರ ಇದ್ದರೆ, ಮೇಲಿಂದ ಮೇಲೆ ಪದರ ಬಿಡಿಸುವುದೋ, ಹಿಂದಿನ ಕಿಟಕಿ ಮುಂದಿನದರ ಮೇಲೆ ಬಣ್ಣ ಬಳಿಯುವುದೋ ಕಾರಣ. ಇನ್ನೊಂದು ಪರೀಕ್ಷೆಗೆ ಸಾಫ್ಟ್‌ವೇರ್ ಜ್ಞಾನವೇ ಬೇಡ. ಈಗಿನ ಹಲವು ಮೊಬೈಲುಗಳು ಸೆಕೆಂಡಿಗೆ 240 ಚಿತ್ರದ ಸ್ಲೋ ಮೋಷನ್ ವಿಡಿಯೊ ತೆಗೆಯುತ್ತವೆ. ಮಾನಿಟರಿನ ಒಂದು ಚಿತ್ರಕ್ಕೆ ಮೊಬೈಲಿನ ನಾಲ್ಕು ಚಿತ್ರ ಸಿಕ್ಕಿತು. ವಿಡಿಯೊ ನಿಧಾನಕ್ಕೆ ಓಡಿಸಿದರೆ ಅಂಕಿಗಳು ಮಾಯವಾದ ಖಾಲಿ ಚೌಕ ಕಣ್ಣಿಗೆ ರಾಚುತ್ತದೆ. ಶಿರಾದಲ್ಲಿ ಆ ವಿಡಿಯೊ ತೋರಿಸಿದ ಮೇಲೇ ವೇಬ್ರಿಡ್ಜ್ ಮಾಲೀಕರು ಇದನ್ನು ಗಂಭೀರವಾಗಿ ತೆಗೆದುಕೊಂಡದ್ದು.

ಔಷಧಿ ಹಳೆಯದು, ಹೆಸರು ಡಬಲ್ ಬಫರಿಂಗ್. ನಮ್ಮ ಸೀಮೆಯ ಜಾತ್ರೆಗಳಲ್ಲಿ ಪೌರಾಣಿಕ ನಾಟಕ ನೋಡಿದವರಿಗೆ ಇದು ತಟ್ಟನೆ ತಿಳಿಯುತ್ತದೆ. ಮುಂದೆ ರಸ್ತೆ ಸೀನು ಇಳಿಬಿಟ್ಟು ಹಾಸ್ಯಗಾರ ಮಾತಾಡುತ್ತಿರುತ್ತಾನೆ. ಹಿಂದೆ ಸಿಂಹಾಸನ ಇಟ್ಟು, ದರ್ಬಾರು ಸೀನು ಕಟ್ಟಿ, ದುರ್ಯೋಧನನನ್ನು ಕೂರಿಸುತ್ತಾರೆ. ರಸ್ತೆ ಸೀನು ಸರ್ರನೆ ಮೇಲೆ ಹೋದಾಗ ದರ್ಬಾರು ಪೂರ್ತಿಯಾಗಿ ಕಾಣುತ್ತದೆ, ಮಧ್ಯೆ ಖಾಲಿ ರಂಗ ಯಾರ ಕಣ್ಣಿಗೂ ಬೀಳುವುದಿಲ್ಲ. ಕಂಪ್ಯೂಟರಿನಲ್ಲೂ ಹಾಗೇ. ಅಂಕಿಗಳ ಜಾಗದಷ್ಟೇ ಅಳತೆಯ ಇನ್ನೊಂದು ಹಲಗೆಯನ್ನು ಮೆಮೊರಿಯಲ್ಲಿ ಇಟ್ಟುಕೊಂಡು, ಕಪ್ಪು ಹಿನ್ನೆಲೆ, 42 ಕಡ್ಡಿ ಎಲ್ಲವನ್ನೂ ಅಲ್ಲಿ ಬಿಡಿಸಿ ಮುಗಿಸುವುದು. ಮುಗಿದ ಮೇಲೆ ಇಡೀ ಚಿತ್ರವನ್ನು ಒಂದೇ ಏಟಿಗೆ ಪರದೆಗೆ ನಕಲು ಮಾಡುವುದು. ಅಲ್ಲಿಯವರೆಗೆ ಪರದೆಯ ಮೇಲೆ ಹಳೆಯ ತೂಕ ಹಾಗೇ ಇರುತ್ತದೆ. ಜೊತೆಗೆ, ವಿಂಡೋಸ್ "ಒರೆಸಲೇ?" ಎಂದು ಕೇಳಿದಾಗ "ಆಗಿದೆ, ನೀನು ಮುಟ್ಟಬೇಡ" ಎಂದು ಉತ್ತರ ಕೊಡಬೇಕು. ಹಿಂದೆ ಚೆನ್ನಾಗಿ ಬಿಡಿಸಿಯೂ ಮುಂದೆ ಒರೆಸಲು ಬಿಟ್ಟರೆ ಅದುರು ಇದ್ದೇ ಇರುತ್ತದೆ. ನಾನು ಸರಿಮಾಡಲು ತೆಗೆದ ಸಾಫ್ಟ್‌ವೇರುಗಳಲ್ಲಿ ಅತಿ ಹೆಚ್ಚು ಕಂಡ ಕೊರತೆ ಈ ಎರಡನೆಯ ಅರ್ಧ ಬಿಟ್ಟುಹೋಗಿರುವುದೇ.

ಇದಕ್ಕೆ ತಗಲುವ ಖರ್ಚು ಕೇಳಿದರೆ ಆಶ್ಚರ್ಯವಾಗುತ್ತದೆ. 900 ಚುಕ್ಕೆ ಅಗಲ, 200 ಚುಕ್ಕೆ ಎತ್ತರದ ಹಲಗೆಗೆ, ಚುಕ್ಕೆಗೆ ನಾಲ್ಕು ಬೈಟಿನಂತೆ, ಸುಮಾರು 700 ಕೆಬಿ ಮೆಮೊರಿ ಸಾಕು. ಮೊಬೈಲಿನ ಒಂದು ಫೋಟೊಗಿಂತ ಕಡಿಮೆ. ಸಾಫ್ಟ್‌ವೇರ್ ಬರೆಯಲು ಬಳಸುವ ಸಲಕರಣೆಗಳಲ್ಲೇ ಇದು ಸಿದ್ಧವಾಗಿದೆ. 1998ರ ವಿಷುಯಲ್ ಬೇಸಿಕ್ 6ರಲ್ಲೇ ಆಟೊರಿಡ್ರಾ ಎಂಬ ಗುಣವಿದೆ, ಅದನ್ನು ಹೌದು ಎಂದರೆ ಚಿತ್ರ ಮೊದಲು ಮೆಮೊರಿಯಲ್ಲಿ ಆಗುತ್ತದೆ. ಡೆಲ್ಫಿಯಲ್ಲೂ, 2005ರಿಂದ ಡಾಟ್‌ನೆಟ್‌ನಲ್ಲೂ ಡಬಲ್ ಬಫರ್ಡ್ ಎಂಬ ಗುಣವೇ ಇದೆ. ಜಾವಾದ ಸ್ವಿಂಗ್‌ನಲ್ಲಿ ಕೇಳದೆಯೇ ಸಿಗುತ್ತದೆ. ಇಷ್ಟಿದ್ದೂ ಅದುರುವ ಪರದೆಗಳು ಉಳಿದಿರುವುದು ಬರೆಯುವವರು ವೇಬ್ರಿಡ್ಜ್ ಕ್ಯಾಬಿನ್ನಿಗೆ ಬಂದು ನೋಡದೆ ಇರುವುದರಿಂದ. ಅವರ ಹೊಸ ಕಂಪ್ಯೂಟರಿನಲ್ಲಿ ನಾಲ್ಕು ಮಿಲಿಸೆಕೆಂಡಿನ ಕೆಲಸ ಅರೆ ಮಿಲಿಸೆಕೆಂಡಿನಲ್ಲಿ ಮುಗಿದು ಅದುರು ಅಪರೂಪಕ್ಕೆ ಕಾಣುತ್ತದೆ. ಧೂಳು ತಿಂದ ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಅದೇ ದಿನವಿಡೀ ಕಾಡುತ್ತದೆ.

ಎರಡನೆಯ ಔಷಧಿ, ಬದಲಾದದ್ದನ್ನು ಮಾತ್ರ ಬಿಡಿಸುವುದು. ತೂಕ 6,340ರಿಂದ 6,345 ಆದರೆ ಕೊನೆಯ ಅಂಕಿಯ ಚೌಕವನ್ನಷ್ಟೇ ಹಳತು ಎಂದು ಹೇಳಿದರೆ ಸಾಕು, ಕೆಲಸ ಆರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ತೂಕ ಬದಲಾಗದೆ ಅದೇ ಸಂಖ್ಯೆ ಮತ್ತೆ ಬಂದರೆ ಏನೂ ಮಾಡಬೇಕಿಲ್ಲ. ಲಾರಿ ನಿಂತ ಮೇಲೆ ಬರುವುದೆಲ್ಲ ಅದೇ ಸಂಖ್ಯೆ ತಾನೆ?

ಕನ್ನಡದ ವಿಷಯಕ್ಕೆ ಬಂದರೆ ಇಲ್ಲೊಂದು ತೊಡಕಿದೆ, ಅದನ್ನು ಯಾವ ಇಂಗ್ಲಿಷ್ ಕೈಪಿಡಿಯೂ ನಮಗಾಗಿ ಬರೆದಿಲ್ಲ. ತೂಕದ ಚೀಟಿಯಲ್ಲೂ ಪರದೆಯಲ್ಲೂ ಮಾಲಿನ ಹೆಸರು, ಯಜಮಾನರ ಹೆಸರು ಕನ್ನಡದಲ್ಲಿ ಬರಬೇಕು. ಗೊರವನಹಳ್ಳಿ ಮಹಾಲಕ್ಷ್ಮಿಯ ಕೊರಟಗೆರೆ ಸೀಮೆಯಲ್ಲಿ 'ಲಕ್ಷ್ಮೀ' ಎಂಬುದನ್ನು ದಿನಕ್ಕೆ ಎಷ್ಟು ಸಲ ಬರೆಯಬೇಕಾಗುತ್ತದೋ ಲೆಕ್ಕವಿಲ್ಲ. ನಾವು ಎರಡಕ್ಷರ ಎಂದುಕೊಳ್ಳುವ ಇದು ಯೂನಿಕೋಡ್‌ನಲ್ಲಿ ಏಳು ಸಂಕೇತ: ಲ, ಕ, ಅರ್ಧಾಕ್ಷರದ ಚಿಹ್ನೆ, ಷ, ಮತ್ತೆ ಅದೇ ಚಿಹ್ನೆ, ಮ, ಕೊನೆಗೆ ಈಕಾರದ ಚಿಹ್ನೆ. ಒತ್ತು ಎಲ್ಲಿ ಕೂರಬೇಕು, ದೀರ್ಘ ಎಲ್ಲಿ ಬರಬೇಕು ಎಂದು ಕಂಪ್ಯೂಟರು ಪ್ರತಿ ಸಲವೂ ಲೆಕ್ಕ ಹಾಕಿ ಅಕ್ಷರ ಕೂಡಿಸುತ್ತದೆ. ಇಂಗ್ಲಿಷ್ ಅಕ್ಷರ ಪಕ್ಕಪಕ್ಕ ಇಡುವುದಕ್ಕಿಂತ ಇದಕ್ಕೆ ಹೆಚ್ಚು ಹೊತ್ತು ಬೇಕು. ಒರೆಸುವುದಕ್ಕೂ ಬಿಡಿಸಿ ಮುಗಿಸುವುದಕ್ಕೂ ನಡುವಿನ ಅಂತರ ಅಷ್ಟು ಹೆಚ್ಚಿತು, ಕನ್ನಡದ ಸಾಲು ಇಂಗ್ಲಿಷಿಗಿಂತ ಹೆಚ್ಚು ಅದುರಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಫಾಂಟಿನೊಡನೆ ಯೂನಿಕೋಡ್ ಕನ್ನಡ ಬಂದಮೇಲೆ, "ಕನ್ನಡ ಹಾಕಿದ್ರೆ ಸ್ಕ್ರೀನ್ ಅದುರುತ್ತೆ ಸಾರ್, ಇಂಗ್ಲಿಷೇ ಇರ್ಲಿ" ಎಂಬ ಮಾತನ್ನು ನಾನು ಕೇಳಿದ್ದೇನೆ. ಕನ್ನಡವನ್ನು ಪರದೆಯಿಂದ ಇಳಿಸಲು ಇದೊಂದು ಕಾರಣವಾಗಬಾರದು. ಹೆಸರು ಬದಲಾಗುವ ತನಕ ಅದರ ಚಿತ್ರವನ್ನು ಒಮ್ಮೆ ಮಾಡಿ ಮೆಮೊರಿಯಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ನಕಲು ಮಾಡಿದರೆ ಕನ್ನಡಕ್ಕೂ ಇಂಗ್ಲಿಷಿಗೂ ವ್ಯತ್ಯಾಸವೇ ಉಳಿಯುವುದಿಲ್ಲ.

ಇನ್ನೊಂದು ಸೂಕ್ಷ್ಮ. ಬದಲಾದ ಚೌಕವನ್ನಷ್ಟೇ ಬಿಡಿಸುವಾಗ ಚೌಕದ ಎತ್ತರವನ್ನು ಇಂಗ್ಲಿಷ್ ಅಕ್ಷರ ನೋಡಿ ಅಳೆದರೆ ನಮ್ಮ ಒತ್ತಕ್ಷರಗಳು ಕೆಳಗೆ ಚಾಚಿಕೊಂಡು ಆಚೆ ಉಳಿಯುತ್ತವೆ. ಹೆಸರು ಬದಲಾದರೂ ಹಿಂದಿನವರ ಒತ್ತಿನ ಬಾಲ ಪರದೆಯಲ್ಲಿ ಉಳಿದು, 'ಹನುಮಕ್ಕ' ಹೋಗಿ 'ರಾಮಯ್ಯ' ಬಂದರೆ ಯಕಾರದ ಒತ್ತಿನ ಪಕ್ಕ ಒಂದು ಅನಾಥ ಕಕಾರದ ಒತ್ತು ಕೂತಿರುತ್ತದೆ. ಕನ್ನಡಕ್ಕೆ ಬರೆಯುವವರು ಅಳತೆಯನ್ನು ಕನ್ನಡದ ಅಕ್ಷರದಿಂದಲೇ ತೆಗೆದುಕೊಳ್ಳಬೇಕು.

ಔಷಧಿಯೂ ಅತಿಯಾದರೆ ಕೆಡುಕು. ಮೆಮೊರಿಯ ಹಲಗೆಯನ್ನು ಪ್ರತಿ ಸಲ ಹೊಸದಾಗಿ ಮಾಡಿ, ಕೆಲಸ ಮುಗಿದ ಮೇಲೆ ವಾಪಸ್ ಕೊಡದೆ ಹೋದರೆ? ವಿಂಡೋಸ್ ಒಂದು ಸಾಫ್ಟ್‌ವೇರಿಗೆ ಇಂಥ ಚಿತ್ರಸಾಮಗ್ರಿಗಳನ್ನು ಸಾಮಾನ್ಯವಾಗಿ 10,000ದವರೆಗೆ ಮಾತ್ರ ಕೊಡುತ್ತದೆ. ಸೆಕೆಂಡಿಗೆ ಹತ್ತು ಸೋರಿದರೆ 1,000 ಸೆಕೆಂಡಿನಲ್ಲಿ, ಅಂದರೆ ಸುಮಾರು 17 ನಿಮಿಷದಲ್ಲಿ, ಮುಗಿದುಹೋಗುತ್ತದೆ. ಆಮೇಲೆ ಬಟನ್ ಮಾಯ, ಅಕ್ಷರ ಮಾಯ, ಪರದೆ ಕಪ್ಪು. ಲಾರಿ ಪ್ಲಾಟ್‌ಫಾರ್ಮಿನ ಮೇಲೇ ನಿಂತಿರುತ್ತದೆ, ಹಿಂದೆ ಹಾರ್ನ್. ಹಲಗೆಯನ್ನು ಒಮ್ಮೆ ಮಾಡಿ ಅದನ್ನೇ ಬಳಸುವುದು ಕ್ಷೇಮ. ಬೆಂಗಳೂರಿನಲ್ಲಿ ಕೂತ ಮಾಲೀಕರು ರಿಮೋಟ್‌ನಲ್ಲಿ ಪರದೆ ನೋಡುವ ಕಡೆ ಮತ್ತೊಂದು ಎಚ್ಚರ ಬೇಕು. ಅಲ್ಲಿ ಇಡೀ ಚಿತ್ರ ನೆಟ್‌ವರ್ಕಿನಲ್ಲಿ ಸಾಗಬೇಕಾಗುವುದರಿಂದ ಡಬಲ್ ಬಫರಿಂಗ್ ಉಲ್ಟಾ ಭಾರವಾಗುತ್ತದೆ. ರಿಮೋಟ್ ಎಂದು ತಿಳಿದಾಗ ಅದನ್ನು ಬಿಟ್ಟುಬಿಡುವಂತೆ ಬರೆದರಾಯಿತು.

ಆದರೆ ನಾನು ಖಂಡಿತ ಒಪ್ಪದ ಒಂದು ಔಷಧಿ ಇದೆ. ಅದುರು ಕಾಣದಿರಲಿ ಎಂದು ಕೆಲವರು ಪರದೆಯನ್ನು ಎರಡು ಮೂರು ಸೆಕೆಂಡಿಗೊಮ್ಮೆ ಮಾತ್ರ ಬದಲಿಸುತ್ತಾರೆ, ಇಲ್ಲವೆ ಹಲವು ತೂಕಗಳ ಸರಾಸರಿ ತೋರಿಸುತ್ತಾರೆ. ಪರದೆ ನಿಶ್ಚಲವಾಗಿ, ಬಹಳ ಭರವಸೆ ಹುಟ್ಟಿಸುವಂತೆ ಕಾಣುತ್ತದೆ. ಗಾಳಿ ಜೋರಾಗಿ ಟಾರ್ಪಾಲಿನ್ ಎಳೆದಾಗ, ಡ್ರೈವರ್ ಲಾರಿಯ ಕ್ಯಾಬಿನ್ನಿನೊಳಗೇ ಕೂತು ಕದಲಿದಾಗ, ಚಕ್ರವೊಂದು ಪ್ಲಾಟ್‌ಫಾರ್ಮಿನ ಅಂಚಿಗೆ ಬಂದಾಗ ತೂಕ ನಿಜವಾಗಿಯೂ ಅಲ್ಲಾಡುತ್ತದೆ. ಅದು ರೈತನಿಗೆ ಕಾಣಬೇಕು. ಅದುರನ್ನು ನಿಲ್ಲಿಸುವ ಹೆಸರಿನಲ್ಲಿ ತೂಕದ ಅಲುಗಾಟವನ್ನೇ ಮುಚ್ಚಿದರೆ ಅದುರುವ ಪರದೆಗಿಂತ ಅದು ಕೆಟ್ಟದ್ದು.

ಜನರಿಗೆ ಪರದೆ ಕಾಣಬೇಕು ಎಂಬ ತಿಳಿವಳಿಕೆ ನಮ್ಮ ರಾಜ್ಯಕ್ಕೆ ಹೊಸದಲ್ಲ. 2002ರ ಹೊತ್ತಿಗೆ ರಾಜ್ಯದ ಎಲ್ಲ ತಾಲ್ಲೂಕು ಕಚೇರಿಗಳಿಗೂ ಬಂದ ಭೂಮಿ ಯೋಜನೆಯಲ್ಲಿ ಪಹಣಿ ಕೊಡುವ ಕೌಂಟರಿನಲ್ಲಿ ಎರಡನೆಯ ಮಾನಿಟರೊಂದನ್ನು ಅರ್ಜಿದಾರರ ಕಡೆ ಮುಖ ಮಾಡಿ ಇಡುವ ಏರ್ಪಾಡಿತ್ತು. ಆಗ 15 ರೂಪಾಯಿ ಕೊಟ್ಟು ಪಹಣಿ ಪಡೆಯುತ್ತಿದ್ದ ರೈತ ತನ್ನ ಸರ್ವೆ ನಂಬರಿಗೆ ಸಿಬ್ಬಂದಿ ಏನು ಮಾಡುತ್ತಿದ್ದಾರೆ ಎಂದು ತಾನೇ ನೋಡಬಹುದಿತ್ತು. ಶ್ಯಾನುಭೋಗರ ಲೆಕ್ಕದಿಂದ ಕಂಪ್ಯೂಟರಿಗೆ ಬಂದ ನಮ್ಮ ದೊಡ್ಡ ಬದಲಾವಣೆಯಲ್ಲಿ ನನಗೆ ಅತಿ ದೊಡ್ಡ ಹೆಜ್ಜೆಯಾಗಿ ಕಾಣುವುದು ಆ ಎರಡನೆಯ ಪರದೆ. ಪರದೆಯನ್ನು ಜನರ ಕಡೆ ತಿರುಗಿಸಿದ ಮೇಲೆ ಅದು ಸ್ಪಷ್ಟವಾಗಿ, ಸ್ಥಿರವಾಗಿ ಇರಬೇಕಾದ ಹೊಣೆಯೂ ಬರುತ್ತದೆ.

ಪಾವಗಡಕ್ಕೆ ಹೋದರೆ ಇದೇ ಮಾತಿಗೆ ಇನ್ನೊಂದು ತೂಕ. ತಿರುಮಣಿ ಸುತ್ತಲಿನ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಹರಡಿದ ಸೋಲಾರ್ ಪಾರ್ಕ್ 2,050 ಮೆಗಾವಾಟ್ ಸಾಮರ್ಥ್ಯದ್ದು. ಇಂಥ ವಿದ್ಯುತ್ ಘಟಕಗಳನ್ನು ನೋಡಿಕೊಳ್ಳುವವರ ಎದುರು ಇರುವುದೂ ಕೈಯಾರೆ ಬಿಡಿಸಿದ ಮೀಟರು, ಗ್ರಾಫುಗಳೇ. ಒಂದು ಮೋಡ ದಾಟಿದರೆ ಸಂಖ್ಯೆಗಳು ಸರಸರನೆ ಇಳಿದು ಏರುತ್ತವೆ. ಅಲ್ಲಿ ಮಿನುಗುವುದಕ್ಕೆ ಒಂದು ಅರ್ಥವಿದೆ: ಎಲ್ಲೋ ತೊಂದರೆಯಾದರೆ ಆ ಚೌಕ ಕೆಂಪಗೆ ಮಿನುಗಿ ಕರೆಯಬೇಕು. ಇಡೀ ಪರದೆಯೇ ಸದಾ ಅದುರುತ್ತಿದ್ದರೆ ಆ ಕೆಂಪು ಮಿನುಗನ್ನು ಕಣ್ಣು ಹೇಗೆ ಹುಡುಕಬೇಕು?

ಕಣ್ಣಿನ ಮಾತೂ ಇದೆ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು ನೀಲಿ ಬೆಳಕು ಪಟಪಟ ಮಿಂಚಿದ್ದನ್ನು ನೋಡಿ 600ಕ್ಕೂ ಹೆಚ್ಚು ಜನ, ಅದರಲ್ಲಿ ಹೆಚ್ಚಿನವರು ಮಕ್ಕಳು, ಆಸ್ಪತ್ರೆ ಸೇರಿದರು. ವೆಬ್ ಪುಟಗಳಿಗೆ ಇರುವ ಅಂತರರಾಷ್ಟ್ರೀಯ ನಿಯಮ, ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಯಾವುದೂ ಮಿಂಚಬಾರದು ಎನ್ನುತ್ತದೆ. ವೇಬ್ರಿಡ್ಜಿನ ಅಂಕಿಯ ಚೌಕ ಅಷ್ಟು ಅಪಾಯದ್ದಲ್ಲ. ಆದರೂ ಬೆಳಿಗ್ಗೆಯಿಂದ ರಾತ್ರಿವರೆಗೆ ಅದರ ಮುಂದೆ ಕೂರುವ ಹುಡುಗ ಸಂಜೆಗೆ ಹಣೆ ತಿಕ್ಕಿಕೊಳ್ಳುವುದನ್ನು ನಾನು ನೋಡಿದ್ದೇನೆ.

ವೇಬ್ರಿಡ್ಜು, ಮಿಲ್ಲು ನಡೆಸುವವರಲ್ಲಿ ನನ್ನ ಕೇಳಿಕೆ ಇಷ್ಟೆ. ಹೊಸ ಸಾಫ್ಟ್‌ವೇರ್ ತೆಗೆದುಕೊಳ್ಳುವಾಗ ಪೂರ್ತಿ ಹಣ ಕೊಡುವ ಮೊದಲು ನಿಮ್ಮದೇ ಕ್ಯಾಬಿನ್ನಿನ ಹಳೆಯ ಕಂಪ್ಯೂಟರಿನಲ್ಲಿ ಅದನ್ನು ಓಡಿಸಿ, ಲಾರಿ ಹತ್ತಿಸಿ, ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಪರದೆಯ ವಿಡಿಯೊ ತೆಗೆಯಿರಿ. ಖಾಲಿ ಚೌಕ ಕಂಡರೆ ವಿಡಿಯೊವನ್ನು ಬರೆದವರಿಗೆ ಕಳಿಸಿ, ಸರಿಮಾಡಿ ಕೊಡಿ ಎನ್ನಿ. ಹಳೆಯ ಸಾಫ್ಟ್‌ವೇರ್ ಇದ್ದವರೂ ಹೀಗೇ ಕೇಳಬಹುದು. ಕಸುಬು ಬಲ್ಲವರಿಗೆ ಇದು ಅರ್ಧ ದಿನದ ಕೆಲಸ.